ಬಲಗಡೆಯ ಚಕ್ರದ ಬಾಗಿಲು

ಬ್ಯಾಡಗಿಯ ನನ್ನ ಕಾಕಾ ಅವರಿಗೆ, ನಿಮ್ಮ ಗೆಳೆಯನ ಮಗ, ರಾಣೆಬೆನ್ನೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುವವನ ನಮಸ್ಕಾರ.

ಮೊದಲ ಸಲ ನಾನು ನಿಮ್ಮ ಮನೆಗೆ ವಿಮಾನ ಹಿಡಿದುಕೊಂಡು ಬಂದದ್ದು ನೆನಪಿದೆಯೇ? ನ್ಯಾಟ್ ಯುದ್ಧವಿಮಾನದ ಅಂಗೈಯಷ್ಟು ಪ್ಲಾಸ್ಟಿಕ್ ಮಾಡೆಲ್ಲು, ಇನ್ನೂ ಬಣ್ಣ ಕಾಣದ್ದು. ವಾಯುಪಡೆಯಲ್ಲಿ ಹದಿನೈದು ವರ್ಷ ಅದೇ ಜಾತಿಯ ವಿಮಾನಗಳನ್ನು ರಿಪೇರಿ ಮಾಡಿದ ನೀವು, ಕನ್ನಡಕ ಏರಿಸಿ, ತಿರುವಿ ನೋಡಿ, ರೆಕ್ಕೆಯ ಅಂಚಿಗೆ ಬೆರಳಿಟ್ಟು, "ಇಲ್ಲಿ ನನ್ನ ತಲಿ ಎಷ್ಟು ಸಲ ಬಡದೈತಿ ಗೊತ್ತೇನು" ಎಂದಿರಿ. ಅದಕ್ಕೇ ನೀವು ಹೀಗಾಗಿದ್ದು ಎಂದು ಕಾಕು ಅಡುಗೆಮನೆಯಿಂದಲೇ ಚಾಷ್ಟಿ ಮಾಡಿದರು. ಅಂದಿನಿಂದ ಎರಡು ವರ್ಷ ನನ್ನ ರವಿವಾರಗಳೆಲ್ಲ ನಿಮ್ಮ ಪಡಸಾಲೆಯಲ್ಲೇ ಕಳೆದವು.

ಹಸಿರು ಎಂದರೆ ಯಾವ ಹಸಿರು ಎಂದು ನಾನು ನಿಮ್ಮ ಪ್ರಾಣ ತಿಂದದ್ದೂ ನೆನಪಾಗುತ್ತದೆ. ನಾನು ಸೈಬರ್ ಕೆಫೆಯಲ್ಲಿ ಕೂತು ತೆಗೆಸಿದ ಪ್ರಿಂಟುಗಳಲ್ಲಿ ಬಣ್ಣಕ್ಕೊಂದು ನಂಬರು ಇತ್ತು. ನಿಮಗೆ ನಂಬರು ಗೊತ್ತಿರಲಿಲ್ಲ. ನಿವೃತ್ತಿಯ ನಂತರ ಮೆಣಸಿನಕಾಯಿ ಪೇಟೆಯಲ್ಲಿ ಬಣ್ಣ ನೋಡಿ ಮಾಲು ಬೇರ್ಪಡಿಸುವ ಕೆಲಸ ಹಿಡಿದಿದ್ದಿರಿ. ಎದ್ದು ಹೋಗಿ ನಾಲ್ಕು ಕಾಯಿ ತಂದು, ತೊಟ್ಟು ಮುರಿದು, ಬಿಸಿಲಿಗೆ ಹಿಡಿದು, ಪೂರಾ ಒಣಗಿದ್ದಲ್ಲ, ಅರ್ಧ ಒಣಗಿದ ತೊಟ್ಟಿನ ಹಸಿರು ನೋಡು ಎಂದಿರಿ. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ, ಬೆಳ್ಳಗೆ ಹೊಳೆಯುತ್ತಿದ್ದ ವಿಮಾನಗಳಿಗೆ ಕೈಗೆ ಸಿಕ್ಕ ಡಬ್ಬಿಗಳನ್ನು ಬೆರೆಸಿ ಅವಸರದಲ್ಲಿ ಬ್ರಷ್ಷಿನಿಂದ ಬಳಿದವರಲ್ಲಿ ನೀವೂ ಒಬ್ಬರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಆ ತೊಟ್ಟಿಗೆ ಹೊಂದಿಸಿಯೇ ಬಣ್ಣ ಕಲಸಿದೆ. ಅಲ್ಲಿಯವರೆಗೆ ನಾನು ನಿಮ್ಮನ್ನು ನಂಬಿದ್ದೆ.

ಚಹಾ ಕುಡಿಯುತ್ತ ಒಂದು ದಿನ ನೀವು ಆ ಬಾಗಿಲಿನ ಮಾತು ತೆಗೆದಿರಿ. ನಾನು ಮಾಡುತ್ತಿದ್ದ ಅದೇ ನಂಬರಿನ ವಿಮಾನದಲ್ಲಿ, ಬಲಗಡೆಯ ಚಕ್ರ ಮುಚ್ಚುವ ಬಾಗಿಲು ಬಿರುಕು ಬಿಟ್ಟಿತ್ತು. ಇನ್ನೂ ಬಣ್ಣ ಬಳಿಯದ ಬೇರೆ ವಿಮಾನದ್ದನ್ನು ಬಿಚ್ಚಿ ಹಾಕಿದಿರಿ. ಬಣ್ಣ ಬಳಿಯಲು ಹೊತ್ತಿರಲಿಲ್ಲ, ಮೈಯೆಲ್ಲ ಹಸಿರಾದ ವಿಮಾನ ಒಂದು ಬೆಳ್ಳಿ ಬಣ್ಣದ ಬಾಗಿಲು ಇಟ್ಟುಕೊಂಡೇ ಹಾರಿತು. ಮನೆಗೆ ಬಂದು ನಾನು ಪುಸ್ತಕ ತಿರುವಿದೆ, ಇಂಟರ್ನೆಟ್ಟು ಜಾಲಾಡಿದೆ, ಫೋಟೋ ಇದ್ದವರು ಕಳಿಸಿಕೊಡಿ ಎಂದು ನನ್ನ ವಿಳಾಸವನ್ನೂ ಅಲ್ಲಿ ಹಾಕಿದೆ. ಎಲ್ಲಿಯೂ ಆ ಬಾಗಿಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನದು. ಎರಡೂ ಬಾಗಿಲಿಗೆ ಹಸಿರೇ ಬಳಿದೆ.

ಹಾವೇರಿಯ ಶಾಲೆಯಲ್ಲಿ ನನ್ನ ವಿಮಾನ ಇಟ್ಟ ಪ್ರದರ್ಶನಕ್ಕೆ ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಿರಿ. ಸುತ್ತ ನಿಂತ ಹುಡುಗರಿಗೆ ಒಂದೊಂದನ್ನೇ ತೋರಿಸಿ ಹೇಳುತ್ತ, ಈ ಬಾಗಿಲು ಮಾತ್ರ ಬೆಳ್ಳಿಯದಿತ್ತು ಎಂದಿರಿ. ಆಗ ನಾನು ಮಾಸ್ತರರೆಲ್ಲರ ಎದುರಿಗೆ, ನಗುತ್ತ, "ಕಾಕಾ, ವಯಸ್ಸಾತು, ನಿಮಗ ನೆನಪು ತಪ್ಪೈತಿ. ಪುಸ್ತಕದಾಗ ಹಂಗ ಇಲ್ಲ" ಎಂದುಬಿಟ್ಟೆ. ಯಾಕೆ ಹಾಗೆಂದೆ? ಜಾಣ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ. "ಇರಬಹುದಪಾ" ಎಂದು ಕೈ ಹಿಂದಕ್ಕೆ ತೆಗೆದುಕೊಂಡಿರಿ. ಊಟಕ್ಕೂ ನಿಲ್ಲದೆ ಬ್ಯಾಡಗಿಯ ಬಸ್ಸು ಹತ್ತಿದಿರಿ.

ಆಮೇಲೂ ನಾನು ರವಿವಾರ ಬರುತ್ತಿದ್ದೆ. ನೀವು ಅಪ್ಪನ ಮೊಣಕಾಲು ನೋವು ಕೇಳುತ್ತಿದ್ದಿರಿ, ಪೇಟೆಯ ಸುದ್ದಿ ಹೇಳುತ್ತಿದ್ದಿರಿ, ವಿಮಾನದ ಮಾತು ಮಾತ್ರ ತೆಗೆಯಲಿಲ್ಲ. ಒಂದೆರಡು ಸಲ, ನಮ್ಮ ಊರಿಗೆ ಟಪಾಲು ಸರಿಯಾಗಿ ಬರುತ್ತದೆಯೇ ಎಂದು ಕೇಳಿದಿರಿ. ಬರುತ್ತದೆ ಎಂದೆ. ಅದನ್ನೇಕೆ ಕೇಳಿದಿರಿ ಎಂದು ನಾನು ಯೋಚಿಸಲೂ ಇಲ್ಲ.

ಬಂದಿತ್ತು, ಕಾಕಾ. ಗುರುತಿಲ್ಲದ ಒಬ್ಬ ನಿವೃತ್ತ ಏರ್‌ಮನ್ ಕಳಿಸಿದ ಲಕೋಟೆ, ಒಳಗೆ ಒಂದು ಕಪ್ಪು ಬಿಳುಪು ಫೋಟೋ. ಅದೇ ನಂಬರಿನ ವಿಮಾನ. ಮೈಯೆಲ್ಲ ಗಾಢ, ಬಲಗಡೆಯ ಬಾಗಿಲು ಬೆಳ್ಳಗೆ. ಇಂಟರ್ನೆಟ್ಟಿನ ವಿಳಾಸ ನೋಡಿ ಕಳಿಸಿದ್ದಾರೆ ಅಂದುಕೊಂಡೆ. ಅಷ್ಟರಲ್ಲಾಗಲೇ ನಾನು ಇಂಟರ್ನೆಟ್ಟಿಗೆ ಹಾಕಿದ ಮಾಡೆಲ್ಲಿನ ಚಿತ್ರ ನೋಡಿ ಪರದೇಶದವರು ಒಂದು ಮೊಳೆಯೂ ತಪ್ಪಿಲ್ಲ ಎಂದು ಹೊಗಳಿದ್ದರು. ಬಾಗಿಲಿಗೆ ಬೆಳ್ಳಿ ಬಣ್ಣ ಬಳಿಯುವುದು ಎರಡು ನಿಮಿಷದ ಕೆಲಸ. ನಿಮಗೆ ಹೇಳುವುದು ಅದಕ್ಕಿಂತ ಕಡಿಮೆ. ಮುಂದಿನ ರವಿವಾರ ಹೇಳಿದರಾಯಿತು ಎಂದುಕೊಂಡೆ, ಅದರ ಮುಂದಿನ ರವಿವಾರ... ಐದು ತಿಂಗಳು ಲಕೋಟೆ ನನ್ನ ಅಂಗಡಿಯಲ್ಲೇ ಇತ್ತು. ಆಮೇಲೆ ಒಂದು ಮುಂಜಾನೆ ನೀವು ಹೋದ ಸುದ್ದಿ ಬಂತು.

ನಿಮ್ಮ ದಿನಕರ್ಮಗಳೆಲ್ಲ ಮುಗಿದ ಮೇಲೆ ಆ ಫೋಟೋ ಒಯ್ದು ಕಾಕು ಕೈಗೆ ಕೊಟ್ಟೆ. ಈಗ ಬಂತೇನು ಎಂದು ಕೇಳಿದರು. ಐದು ತಿಂಗಳಾಯಿತು ಎಂದೆ. ಫೋಟೋವನ್ನು ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು: "ಇವರಽ ತಮ್ಮ ಹಳೇ ಗೆಳ್ಯಾಗ ಬರದು ನಿನಗ ಕಳಸಾಕ ಹೇಳಿದ್ರಪಾ. ನಾ ತೋರಿಸಿದ್ರ ಅವಗ ನಾಚಿಕಿ ಆಗ್ತೈತಿ, ಅವನಽ ತಂದು ತೋರಸಲಿ ಅಂದಿದ್ರು. ನೀ ಬಂದಾಗೊಮ್ಮೆ ನಿನ್ನ ಕೈಚೀಲ ನೋಡ್ತಿದ್ರು."

ನನ್ನ ಮುಖ ಉಳಿಸಲು ನೀವು ಇಷ್ಟು ಮಾಡಿದಿರಿ. ನಾನೂ ನನ್ನ ಮುಖ ಉಳಿಸಿಕೊಳ್ಳುವುದನ್ನೇ ಮಾಡಿದೆ. ಇದಕ್ಕೆ ಯಾರ ಹತ್ತಿರ ಕ್ಷಮೆ ಕೇಳಲಿ, ಹೇಳಿ?

ನಿನ್ನೆ ಹಾವೇರಿಗೆ ಹೋಗಿದ್ದೆ. ಅದೇ ಶಾಲೆ, ಅದೇ ಕೋಣೆ. ಮಾಸ್ತರರನ್ನೂ ಹುಡುಗರನ್ನೂ ಕೂಡಿಸಿ, ಕಾಕು ಹತ್ತಿರ ಇಸಿದುಕೊಂಡ ಫೋಟೋ ತೋರಿಸಿದೆ. ಅಂದು ನೀವು ಹೇಳಿದ್ದೇ ಖರೆ, ತಪ್ಪಿದ್ದು ನಾನು ಎಂದೆ. ನೀವು ಹೋದದ್ದನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ. ಅಂದು ನಿಮ್ಮ ಪಕ್ಕದಲ್ಲೇ ನಿಂತಿದ್ದ ಚಿತ್ರಕಲೆಯ ಟೀಚರಮ್ಮನಿಗೆ ಬಹಳ ಸಂತೋಷವಾಯಿತು. "ಅಜ್ಜಾರಿಗೆ ಹೇಳಿದ್ರೇನ್ರಿ? ಎಷ್ಟು ಖುಷಿ ಪಟ್ಟಿರಬೇಕು ಅವರು" ಎಂದರು.

ಫೋಟೋವನ್ನು ಲಕೋಟೆಗೆ ಸೇರಿಸಿ, ಊರಿನ ಬಸ್ಸು ಹತ್ತಿದೆ. ಅದಕ್ಕೇ ಈ ಪತ್ರ. ಕಾಕಾ, ಬಾಗಿಲು ಬೆಳ್ಳಿಯದೇ ಇತ್ತು. ನನಗೆ ಗೊತ್ತಿತ್ತು.