ಮತದಾನಕ್ಕೆ ಮುಂಚಿನ ಅರವತ್ತು ದಿನ

ಕಾಳಿ ನದಿಯ ಮುಖ, ಕಾರವಾರ
ಕ್ರಿ.ಶ. ೨೨೧೬, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಎರಡು ಶತಮಾನದ ಹಿಂದಿರುವ ಸರ್ಕಾರಿ ವಕೀಲರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳಿಲ್ಲವೆಂದು ಬಲ್ಲೆ. ವರ್ಷದ ಅತಿ ದೊಡ್ಡ ಉಬ್ಬರಗಳು ಬರುವ ದಿನಗಳನ್ನು ನಾವು ಬೇರೆಯಾಗಿ ಎಣಿಸಿ ಉಬ್ಬರಮಾಸ ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ವಾಸಂತಿ ಹರಿಕಂತ್ರ. ಇಪ್ಪತ್ತೆಂಟು ವರ್ಷ ಇಲ್ಲಿ ನಿಮ್ಮದೇ ಕೆಲಸ ಮಾಡಿ, ಹೋದ ವರ್ಷ ನಿವೃತ್ತಳಾದೆ.

ಕಡಲು ಊರೊಳಗೆ ಬಂದು ಮೂರು ತಲೆಮಾರಾಯಿತು. ಹಳೆಯ ಕೋರ್ಟು ನೀರಿನೊಳಗಿದೆ, ಅದರ ಮೇಲೆ ಕಂಬ ನಿಲ್ಲಿಸಿ ಹೊಸದನ್ನು ಕಟ್ಟಿದ್ದಾರೆ. ಬೆಳಗ್ಗೆ ತೇಲುದಾರಿಯಲ್ಲಿ, ಅಂದರೆ ನೀರಿನ ಮೇಲೆ ಹಾಸಿದ ಹಲಗೆಯ ರಸ್ತೆಯಲ್ಲಿ, ಮಂಜಿನೊಳಗೆ ನಡೆದು ಹೋಗುವಾಗ ಕೆಳಗೆ ಹಳೆಯ ಮೆಟ್ಟಿಲುಗಳು ಮಸುಕಾಗಿ ಕಾಣುತ್ತವೆ. ಕಟಕಟೆ ಇದ್ದ ಜಾಗದಲ್ಲಿ ಬಂಗಡೆ ಮೀನಿನ ಹಿಂಡು ಒಮ್ಮೆಲೇ ತಿರುಗಿ ಬೆಳ್ಳಿಯಾಗಿ ಹೊಳೆದು ಮರೆಯಾಗುತ್ತದೆ. ವಿಚಾರಣೆ ಶುರುವಾಗುವುದು ಗಂಟೆ ನೋಡಿ ಅಲ್ಲ, ಇಳಿತ ನೋಡಿ. ಸಾಕ್ಷಿ ಹೇಳಲು ಬಂದ ಹೆಂಗಸರು ತಮ್ಮ ಸರದಿ ಬರುವವರೆಗೆ ಜಗಲಿಯಲ್ಲಿ ಬಲೆ ನೇಯುತ್ತಾ ಕೂರುತ್ತಾರೆ.

ಇಲ್ಲಿ ಒಂದು ಕಾನೂನಿದೆ. ಮತದಾನಕ್ಕೆ ಮುಂಚಿನ ಅರವತ್ತು ದಿನಗಳಿಗೆ ಮೌನದಿನಗಳೆಂದು ಹೆಸರು. ಆಗ ಯಾವ ಅಭ್ಯರ್ಥಿಯ ಮೇಲೂ ಸರ್ಕಾರಿ ವಕೀಲರು ಹೊಸ ಆರೋಪಪಟ್ಟಿ ಸಲ್ಲಿಸುವಂತಿಲ್ಲ. ತಡೆಯಲಾಗದ ಕಾರಣವಿದ್ದರೆ ಸ್ವಂತ ಹೊಣೆಯ ಮೇಲೆ ಮೌನ ಮುರಿಯಬಹುದು, ಆದರೆ ಐವತ್ತು ವರ್ಷದಲ್ಲಿ ಯಾರೂ ಮುರಿದಿರಲಿಲ್ಲ. ಹಿಂದೊಮ್ಮೆ ಮತದಾನಕ್ಕೆ ಒಂಬತ್ತು ದಿನವಿರುವಾಗ ಒಬ್ಬ ಅಭ್ಯರ್ಥಿಯನ್ನು ಬಂಧಿಸಿದ್ದರಂತೆ. ಆಕೆ ಸೋತರು. ನಿರಪರಾಧಿ ಎಂದು ತೀರ್ಪು ಬಂದಾಗ ಆಕೆಯ ಜಾಗದಲ್ಲಿ ಗೆದ್ದವನ ಅವಧಿಯೇ ಮುಗಿದಿತ್ತು. ಆ ನಾಚಿಕೆಯಿಂದ ಹುಟ್ಟಿದ ಕಾನೂನು ಇದು. ಒಳ್ಳೆಯ ಕಾನೂನೆಂದೇ ನಾನು ನಂಬಿದ್ದೆ.

ಹದಿನಾಲ್ಕು ವರ್ಷದ ಹಿಂದೆ ಚಿಪ್ಪಿಕೇರಿಯ ಕಡಲಗೋಡೆಯ ಬಾಗಿಲು ಒಡೆದು ಹನ್ನೊಂದು ಜನ ಮುಳುಗಿ ಸತ್ತರು. ಗೋಡೆಗಳ ಮಂಡಳಿಯ ಮುಖ್ಯಸ್ಥನಾಗಿದ್ದವನು ಜಯವಂತ ಮಾಜಾಳೀಕರ. ಬಾಗಿಲುಗಳ ತಪಾಸಣೆ ಮಾಡುತ್ತಿದ್ದವಳು ಕೊಪ್ಪಳದ ಕಡೆಯ ಹುಲಿಗೆಮ್ಮ. ಬಿರುಕು ಬಿಟ್ಟಿದೆ ಎಂದು ಆಕೆ ಮೂರು ಸಲ ಬರೆದು ಕೊಟ್ಟಿದ್ದಳು. ಮೂರು ಸಲವೂ ಮಾಜಾಳೀಕರ ತನ್ನ ಕೈಯಿಂದಲೇ "ದುರಸ್ತಿ ಆಮೇಲೆ ನೋಡೋಣ" ಎಂದು ಬರೆದು ವಾಪಸು ಕಳಿಸಿದ್ದ. ಆ ಕಾಗದಗಳೆಲ್ಲ ನನ್ನ ಕೈಸೇರಿ ಆರೋಪಪಟ್ಟಿ ಸಿದ್ಧವಾದಾಗ ಮತದಾನಕ್ಕೆ ಐವತ್ತೆರಡು ದಿನ ಉಳಿದಿತ್ತು. ಮಾಜಾಳೀಕರ ಅಭ್ಯರ್ಥಿಯಾಗಿದ್ದ.

ಹುಲಿಗೆಮ್ಮ ನನ್ನ ಕೋಣೆಗೆ ಬಂದಳು. ಮತದಾನ ಮುಗಿದ ಮರುದಿನವೇ ಸಲ್ಲಿಸುತ್ತೇನೆ ಎಂದೆ.

"ಅಕ್ಕಾರ, ಅದೇ ಅಳತಿ ಬಾಗ್ಲಾ ಇನ್ನೂ ಮೂರು ಕೇರ್ಯಾಗ ಅದಾವ್ರಿ. ಸಮುದ್ರಕ್ಕ ಎಲೆಕ್ಷನ್ ಗೊತ್ತೈತೇನ್ರಿ?"

"ಈಗ ಸಲ್ಲಿಸಿದರೆ ಅವನಿಗೆ ಉತ್ತರ ಕೊಡುವುದಕ್ಕೆ ಸಮಯವಿಲ್ಲ, ಹುಲಿಗೆಮ್ಮ. ಜನ ನನ್ನ ಸಹಿಯನ್ನೇ ತೀರ್ಪು ಅಂದುಕೊಳ್ಳುತ್ತಾರೆ."

ಆಕೆ ಕಿಟಕಿಯಾಚೆ ಏರುತ್ತಿದ್ದ ನೀರನ್ನೇ ನೋಡುತ್ತಿದ್ದಳು. "ಅವ್ರೂ ಆಮ್ಯಾಲೆ ಅಂದ್ರು. ನೀವೂ ಆಮ್ಯಾಲೆ ಅಂತೀರಿ," ಎಂದು ಎದ್ದು ಹೋದಳು.

ಎರಡು ದಿನ ಆ ಕಾಗದಗಳನ್ನೇ ಮತ್ತೆ ಮತ್ತೆ ಓದಿದೆ. ಮೂರನೆಯ ದಿನ ಆಕೆಯ ಹೇಳಿಕೆಯನ್ನು ನ್ಯಾಯಾಧೀಶರ ಮುಂದೆ ದಾಖಲು ಮಾಡಿಸಿದೆ. ಆರೋಪಪಟ್ಟಿಯನ್ನು ಮುದ್ರೆ ಹಾಕಿ ಕಪಾಟಿನಲ್ಲಿಟ್ಟೆ. ಆಮೇಲೆ ಕೂತು ಇನ್ನೊಂದು ಕಾಗದ ಬರೆದೆ. ಮೂರು ಕೇರಿಗಳ ಬಾಗಿಲುಗಳು ಭದ್ರವಾಗಿಲ್ಲ, ಜನರನ್ನು ತಕ್ಷಣ ಬೇರೆಡೆಗೆ ಕಳಿಸಿ ಎಂದು ಜಿಲ್ಲಾಧಿಕಾರಿಗೆ. ಯಾರ ಹೆಸರನ್ನೂ ಬರೆಯಲಿಲ್ಲ. ಅದರ ಪ್ರತಿಯನ್ನು ದೋಣಿಕಟ್ಟೆಯ ಫಲಕಕ್ಕೆ ನಾನೇ ಅಂಟಿಸಿದೆ.

ಆ ವಾರದ ಬೆಳಗುಗಳು ಈಗಲೂ ಕನಸಿನಲ್ಲಿ ಬರುತ್ತವೆ. ಮಂಜಿನಲ್ಲಿ ದೋಣಿಗಳ ಸಾಲು. ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಹೂವಿನ ಕುಂಡಗಳು, ಮತ್ತೊಂದರಲ್ಲಿ ಕುರ್ಚಿಯ ಮೇಲೆ ಕೊಡೆ ಹಿಡಿದು ಕೂತ ಅಜ್ಜಿ. ಕೇರಿಗಳು ನಿದ್ದೆಯಲ್ಲೇ ಎದ್ದು ತೇಲಿ ಹೊರಟ ಹಾಗೆ.

ಎರಡೂ ಕಡೆಯವರು ನನ್ನ ಮೇಲೆ ಬಿದ್ದರು. ಹೆಸರು ಬರೆಯದಿದ್ದರೂ ಎಲ್ಲರಿಗೂ ಅರ್ಥವಾಗುತ್ತದೆ, ಮೌನ ಮುರಿದಿದ್ದಾಳೆ ಎಂದು ಮಾಜಾಳೀಕರನ ಕಡೆಯವರು ದೂರು ಕೊಟ್ಟರು. ಅಪರಾಧಿಯ ಹೆಸರು ಮುಚ್ಚಿಟ್ಟಿದ್ದಾಳೆ ಎಂದು ಎದುರಾಳಿಗಳು ಕೂಗಿದರು. ವಿಚಾರಣಾ ಸಮಿತಿಯ ಮುಂದೆ ನಾಲ್ಕು ದಿನ ನಿಂತೆ. ಐದನೆಯ ದಿನ, ಅಮಾವಾಸ್ಯೆಯ ಉಬ್ಬರಕ್ಕೆ, ಆ ಮೂರು ಕೇರಿಗಳಲ್ಲಿ ಒಂದರ ಬಾಗಿಲು ಒಡೆಯಿತು. ನೀರು ಖಾಲಿ ಮನೆಗಳೊಳಗೆ ನುಗ್ಗಿ ಹೊರಬಂತು. ಒಬ್ಬರೂ ಸಾಯಲಿಲ್ಲ. ಸಮಿತಿ ಮತ್ತೆ ನನ್ನನ್ನು ಕರೆಯಲಿಲ್ಲ.

ಮಾಜಾಳೀಕರ ಸ್ವಲ್ಪದರಲ್ಲಿ ಗೆದ್ದ. ಮರುದಿನ ಕೋರ್ಟಿನ ಬಾಗಿಲು ತೆರೆದ ಕೂಡಲೇ ಆರೋಪಪಟ್ಟಿ ಸಲ್ಲಿಸಿದೆ. ಮೊಕದ್ದಮೆ ಎರಡು ವರ್ಷ ನಡೆಯಿತು. ಅಷ್ಟು ಕಾಲವೂ ಅವನು ಶಾಸಕನಾಗಿಯೇ ಇದ್ದ. ಕೊನೆಗೆ ಶಿಕ್ಷೆಯಾಯಿತು, ಸ್ಥಾನ ಹೋಯಿತು. ಪತ್ರಿಕೆಗಳು ನನ್ನನ್ನು ಹೊಗಳಿದವು.

ಆಗ ಚಿಪ್ಪಿಕೇರಿಯ ನಾಗವೇಣಿ ಹೇಳಿಕಳಿಸಿದಳು. ಆ ಹನ್ನೊಂದು ಜನರಲ್ಲಿ ಅವಳ ಆರು ವರ್ಷದ ಮಗಳೂ ಒಬ್ಬಳು. ಹೋದೆ. ನಾನು ಕೂರುವ ಮೊದಲೇ ಕೇಳಿದಳು:

"ಅಂವ ನಮ್ಮನಿಗೆ ಬಂದು ಮಗಳ ಫೋಟೋ ಮುಂದೆ ಅತ್ತಿದ್ದ. ನಾ ಅವಂಗೇ ಮತ ಹಾಕ್ದೆ. ನಿಮಗೆ ಅಷ್ಟೊತ್ತಿಗೇ ಗೊತ್ತಿತ್ತಲ್ರಾ?"

"ಗೊತ್ತಿತ್ತು," ಎಂದೆ.

ನಿಮ್ಮ ಮೇಜಿನ ಮೇಲೂ ಅಂಥದೊಂದು ಫೈಲು ಇದ್ದೀತು. ತಡೆಯಿರಿ ಎಂದಾಗಲಿ ಸಲ್ಲಿಸಿ ಎಂದಾಗಲಿ ನಾನು ಹೇಳಲಾರೆ. ಅದೇ ಫೈಲು ಮತ್ತೆ ಬಂದರೆ ನಾನು ಅದನ್ನೇ ಮಾಡುತ್ತೇನೆಂದು ತೋರುತ್ತದೆ, ಆದರೆ ಹಾಗೆನ್ನುವಾಗ ದನಿ ಗಟ್ಟಿಯಾಗಿ ಬರುವುದಿಲ್ಲ. ಒಂದೇ ಬೇಡಿಕೆ. ಸುಮ್ಮನಿರಲು ನಿರ್ಧರಿಸಿದರೆ ಕಾನೂನು ನನ್ನ ಬಾಯಿ ಕಟ್ಟಿತ್ತು ಎನ್ನಬೇಡಿ. ನಾನೇ ಸುಮ್ಮನಿದ್ದೆ ಎನ್ನಿ, ಯಾಕೆ ಎಂದು ಕೇಳುವವರ ಮನೆಗೆ ಹೋಗಿ ಕೂತು ಹೇಳಿ.

ನಾಗವೇಣಿ ಅಂದು ಸಂಜೆಯವರೆಗೆ ನನ್ನನ್ನು ಬಿಡಲಿಲ್ಲ. ಐವತ್ತೆರಡು ದಿನಗಳನ್ನೂ ಒಂದೊಂದಾಗಿ ಕೇಳಿದಳು. ಯಾವ ದಿನ ಏನು ಗೊತ್ತಿತ್ತು, ಆಗ ಏನು ಮಾಡಿದಿರಿ. ಎಲ್ಲವನ್ನೂ ಹೇಳಿದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಟಾಗ ಮೆಟ್ಟಿಲವರೆಗೆ ಬಂದು, ನಾನು ದೋಣಿಗೆ ಕಾಲಿಡುವಾಗ ಮೊಣಕೈ ಹಿಡಿದುಕೊಂಡಳು.

"ಹಲಗೆ ಜಾರ್ತದೆ, ನೋಡ್ಕಂಡು ಹತ್ತಿ," ಎಂದಳು.

ನಿಮ್ಮ,
ವಾಸಂತಿ ಹರಿಕಂತ್ರ