ಶಾಶ್ವತವಾಗಿ ಮುಚ್ಚಲಾಗಿದೆ

ಜುಲೈ ೧೪, ಭಾನುವಾರ

ಪ್ರೀತಿಯ ಬಾಲಂಗೋಚಿಗೆ,

ನಿನ್ನ ಅಕ್ಕ ಮನಸಾರೆ ಹರಸುತ್ತಾ ಬರೆಯುತ್ತಿರುವ ಕಾಗದ. ನಾವು ಇಲ್ಲಿ ಚೆನ್ನಾಗಿದ್ದೇವೆ. ನೀವಿಬ್ಬರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಬರೆಯಲು ತುಂಬಾ ತಡವಾಯಿತು, ಬೈದುಕೋ. ಈಗಿನ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಿನ್ನ ಭಾವ ಪಕ್ಕದಲ್ಲೇ ಕೂತು ನಗುತ್ತಿದ್ದಾರೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ಕೊನೆಯವರೆಗೂ ನನ್ನದೇ ಮಾತು.

ಮೊದಲು ಸಿಹಿ ಸುದ್ದಿ. ಅಂಗಡಿ ಉಳಿಯಿತು! ಈ ತಿಂಗಳ ಕೊನೆಗೆ ಖಾಲಿ ಮಾಡುವುದೆಂದು ನಿಶ್ಚಯವಾಗಿತ್ತು, ಈಗ ಇಲ್ಲ.

ಅಮ್ಮ ಹೋದ ಮೇಲೆ ವ್ಯಾಪಾರ ಹೇಗಿತ್ತೆಂದು ನಿನಗೆ ಸರಿಯಾಗಿ ಹೇಳಿಯೇ ಇರಲಿಲ್ಲ. ಬೀದಿಯ ನಾಲ್ಕು ಜನ ಮಕ್ಕಳ ಶಾಲೆ ಚೀಲದ ಪಟ್ಟಿ ಹೊಲಿಸಲು ಬರುತ್ತಿದ್ದರು, ಅಷ್ಟೇ. ದೂರದಿಂದ ಸೂಟ್‌ಕೇಸ್ ಎಳೆದುಕೊಂಡು ಬಂದು, "ನಾಳೆ ಬೆಳಿಗ್ಗೆ ಹೊರಡ್ಬೇಕು, ಇವತ್ತೇ ಮಾಡ್ಕೊಡಿ" ಎಂದು ಅಮ್ಮನ ಪ್ರಾಣ ತಿನ್ನುತ್ತಿದ್ದರಲ್ಲ, ಆ ಗಿರಾಕಿಗಳಲ್ಲಿ ಒಬ್ಬರೂ ಇಲ್ಲ. ನೊಣ ಹೊಡೆಯುತ್ತಾ ಕೂತು ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಎಂಥ ಕಚ್ಚಿಕೊಂಡ ಜಿಪ್ಪನ್ನೂ ಬಿಡಿಸುತ್ತಾಳೆಂದು ಊರೇ 'ಜಿಪ್ಪಮ್ಮ' ಎಂದು ಕರೆದ ಕೈ ಅಮ್ಮನದು. ಜನ ಬರುತ್ತಿದ್ದದ್ದು ಆ ಕೈಗೆ. ನನ್ನ ಕೈ ಯಾರಿಗೂ ಬೇಡ. ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಆದರೆ ಸೂಜಿ ಹಿಡಿದಾಗಲೆಲ್ಲ ಅದೇ ಯೋಚನೆ.

ನಿನ್ನ ಭಾವನದು ಇನ್ನೊಂದು ರಾಗ. "ರಿಪೇರಿ ಕಾಲ ಮುಗೀತು ಕಣೇ. ಹರಿದ್ರೆ ಬಿಸಾಕ್ತಾರೆ, ಹೊಸದು ತಗೋತಾರೆ" ಎಂದು ದಿನಾ ಹೇಳಿ ಹೇಳಿ, ಒಂದು ದೊಡ್ಡ ಬ್ಯಾಗ್ ಶೋರೂಮಿನಲ್ಲಿ ನನಗೆ ಕೆಲಸವನ್ನೂ ಗೊತ್ತುಮಾಡಿದರು. ಹೊಸ ಬ್ಯಾಗ್ ಮಾರುವ ಕಡೆ ನಾನು! ಅಮ್ಮ ಕೇಳಿದ್ದರೆ ಕತ್ತರಿ ಎಸೆಯುತ್ತಿದ್ದಳು.

ಹೋಗುವ ಮೊದಲು ಕೊನೆಯದೊಂದು ಪ್ರಯತ್ನ ಇರಲೆಂದು ಅವರ ಗೆಳೆಯನೊಬ್ಬ ನಮಗೆ ವೆಬ್‌ಸೈಟ್ ಮಾಡಿಕೊಟ್ಟ. ತೆರೆದರೆ ಮೋಡಗಳ ಮೇಲೆ ವಿಮಾನ ಹಾರುತ್ತದೆ. ಕೆಳಗೆ 'ವಿಶ್ವದರ್ಜೆಯ ಪ್ರಯಾಣ ಪರಿಕರ ಪರಿಹಾರಗಳು' ಎಂದು ದಪ್ಪ ಅಕ್ಷರ. ನಮ್ಮ ಹತ್ತಿರ ಇರುವುದು ಒಂದು ಹೊಲಿಗೆ ಯಂತ್ರ, ಒಂದು ಸುತ್ತಿಗೆ, ಡಬ್ಬಿ ತುಂಬ ಜಿಪ್ಪಿನ ರನ್ನರುಗಳು. ಯಾರಾದರೂ ವಿಮಾನದ ಟಿಕೆಟ್ ಕೇಳಿಕೊಂಡು ಬಂದುಬಿಟ್ಟರೆ ಏನು ಗತಿ ಎಂದು ನನಗೆ ಭಯ. ಟಿಕೆಟ್ ಕೇಳಲೂ ಯಾರೂ ಬರಲಿಲ್ಲ.

ಪಕ್ಕದ ಫೋಟೋ ಸ್ಟುಡಿಯೋ ನಡೆಸುವವಳ ಮುಂದೆ ಇದನ್ನೆಲ್ಲ ಹೇಳಿಕೊಂಡು ಗೊಣಗುತ್ತಿದ್ದೆ. ಅವಳು ತನ್ನ ಫೋನಿನಲ್ಲಿ 'ಹತ್ತಿರದ ಸೂಟ್‌ಕೇಸ್ ರಿಪೇರಿ' ಎಂದು ಬರೆದು ಹುಡುಕಿದಳು. ಬಂದದ್ದನ್ನು ಓದಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನಿಮ್ಮ ಅಂಗಡೀನ ನೀವು ಯಾವತ್ತಾದ್ರೂ ಹುಡುಕಿ ನೋಡಿದೀರಾ?"

"ನನ್ನ ಅಂಗಡಿ ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ? ನಾನ್ಯಾಕೆ ಹುಡುಕ್ಲಿ?" ಎಂದೆ.

ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ನಕ್ಷೆಯ ಮೇಲೆ ನಮ್ಮ ಅಂಗಡಿಯ ಹೆಸರು, ನೀನೇ ತೆಗೆದಿದ್ದ ಹಸಿರು ಬಾಗಿಲಿನ ಫೋಟೋ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ'. ಅದನ್ನು ನಾನು ಓದುತ್ತಿರುವುದು ಅದೇ ಹಸಿರು ಬಾಗಿಲಲ್ಲಿ ನಿಂತು! ಬಾಗಿಲು ಹಾರುಹೊಡೆದಿದೆ, ಒಳಗೆ ಫ್ಯಾನ್ ತಿರುಗುತ್ತಿದೆ.

ಸಿಟ್ಟು ಬರಬೇಕಿತ್ತು. ನಂಬುತ್ತೀಯೋ ಇಲ್ಲವೋ, ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಜನ ನನ್ನ ಕೈ ಬೇಡವೆಂದು ಬಿಟ್ಟು ಹೋಗಿರಲಿಲ್ಲ. ನಾನು ಇಲ್ಲಿ ಕೂತಿದ್ದೇನೆಂದೇ ಅವರಿಗೆ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟೆ. ಪಾಪ, ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು.

ಆಮೇಲಿನ ಕೆಲಸವೆಲ್ಲ ಅವಳದೇ. ಆ ಪುಟವನ್ನು ಅಮ್ಮನಿಗಾಗಿ ನೀನು ನಿನ್ನ ಫೋನಿನಿಂದಲೇ ಮಾಡಿದ್ದೆಯಲ್ಲ, ಹಾಗಾಗಿ ಅದರ ಬೀಗದ ಕೈ ನಿನ್ನ ಹತ್ತಿರವೇ ಇತ್ತು. ಅದನ್ನು ನನಗೆ ಬಿಟ್ಟುಕೊಡಬೇಕೆಂದು ಅವಳು ನಿನಗೆ ಕೋರಿಕೆ ಕಳಿಸಿದಳು. "ಕೆಲವರು ವಾರಗಟ್ಟಲೆ ಉತ್ತರಾನೇ ಕೊಡಲ್ಲ ಅಕ್ಕಾ, ಕಾಯ್ಬೇಕಾಗತ್ತೆ" ಎಂದಿದ್ದಳು. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ನಿನ್ನ ಒಪ್ಪಿಗೆ ಬಂತು. ಆ ಕೆಂಪು ಅಕ್ಷರಗಳನ್ನು ತೆಗೆದಳು, ನಿನ್ನ ಫೋನ್ ನಂಬರಿನ ಜಾಗದಲ್ಲಿ ನನ್ನದನ್ನು ಹಾಕಿದಳು. ವೆಬ್‌ಸೈಟಿನ ವಿಮಾನವನ್ನೂ ಇಳಿಸಿದಳು. ಅಲ್ಲಿ ಈಗ ಗಿರಾಕಿಗಳು ಬಾಗಿಲಲ್ಲಿ ನಿಂತು ಹೇಳುವ ಮಾತುಗಳೇ ಇವೆ: ಜಿಪ್ ಎಳೆದ ಹಿಂದೆಯೇ ಬಾಯಿ ಬಿಡುತ್ತಿದೆಯೇ? ಚಕ್ರ ಮುರಿದಿದೆಯೇ? ಹಿಡಿ ಮೇಲೆ ಬರುತ್ತಿಲ್ಲವೇ? "ಜನ ಹುಡುಕೋದು ಹೀಗೇನೇ. ಪರಿಹಾರ ಗಿರಿಹಾರ ಅಂತ ಯಾರೂ ಬರೆಯಲ್ಲ" ಎಂದು ನಕ್ಕಳು.

ಮೊದಲು ಬಂದವರು ಒಬ್ಬ ಮೇಷ್ಟ್ರು. ಒಂದೇ ಚಕ್ರ ಉಳಿದಿದ್ದ ಸೂಟ್‌ಕೇಸನ್ನು ಕುಂಟಿಸಿಕೊಂಡು ಬಂದು, "ಏನಮ್ಮಾ, ನೀವು ಮುಚ್ಚಿಬಿಟ್ರಿ ಅಂತ ಫೋನ್ ಹೇಳ್ತಿತ್ತು! ಇದನ್ನ ಅಟ್ಟಕ್ಕೆ ಹಾಕಿಬಿಟ್ಟಿದ್ದೆ" ಎಂದರು. ಚಕ್ರ ಕೂರಿಸಿಕೊಟ್ಟೆ. ಅಂಗಡಿಯೊಳಗೇ ಅತ್ತಿಂದಿತ್ತ ಎಳೆದು ನೋಡಿ, ಸದ್ದಿಲ್ಲವೆಂದು ತಲೆದೂಗಿದರು. ಅವರು ಹೋದ ಮೇಲೆ ನನ್ನ ಎರಡೂ ಕೈಗಳನ್ನು ನಾನೇ ಸ್ವಲ್ಪ ಹೊತ್ತು ನೋಡಿಕೊಂಡೆ, ನಗಬೇಡ. ಈಗ ಬೆಂಚಿನ ಕೆಳಗೆ ಕಾಲು ಚಾಚಲು ಜಾಗವಿಲ್ಲ, ಅಷ್ಟು ಪೆಟ್ಟಿಗೆಗಳು. ಕಟ್ಟಡದ ಮಾಲೀಕರಿಗೆ ಖಾಲಿ ಮಾಡುವುದಿಲ್ಲವೆಂದು ಹೇಳಿಬಂದೆವು, ಶೋರೂಮಿನವರಿಗೂ ಕೈಮುಗಿದಾಯಿತು. "ಇನ್ಮೇಲೆ ರಿಪೇರಿಗೇ ಕಾಲ" ಎಂದು ನಿನ್ನ ಭಾವ ತಾವೇ ಕಂಡುಹಿಡಿದವರ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಮುಚ್ಚಿದೆಯೆಂದು ಹಾಕಿದ್ದು ಯಾರೋ ಆಗದವರ ಕೆಲಸ ಎಂದು ಅವರು ಕಣ್ಣು ಕೆಂಪಗೆ ಮಾಡಿಕೊಂಡಿದ್ದರು. "ಕಂಪ್ಯೂಟರ್ ತಪ್ಪಂತೆ, ಬಿಡಿ" ಎಂದು ನಾನೇ ತೇಪೆ ಹಾಕಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಯಜಮಾನರಿಗೆ ನಮ್ಮ ನೆನಪು ತಿಳಿಸು. ಇಬ್ಬರೂ ನಗುನಗುತ್ತಾ ತಂಪಾಗಿ ಬಾಳಿ.

ಇಂತಿ,
ನಿನ್ನ ಬೈಗುಳದ ಅಕ್ಕ

ತಾ.ಕ.: ನಿನ್ನ ಭಾವ ಎದ್ದು ಹೋದರು, ಈಗ ಬರೆಯುತ್ತೇನೆ. ಕಂಪ್ಯೂಟರಿನ ತಪ್ಪಲ್ಲ ಎಂದು ನನಗೆ ಗೊತ್ತು. ಮುಚ್ಚಿದವಳು ನೀನು. ಒಪ್ಪಿಗೆ ಕೊಟ್ಟ ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದರಲ್ಲೇ ತಿಳಿಯಿತು. ಅಮ್ಮ ಹೋದಳೆಂದು ನನ್ನನ್ನೂ ಇಲ್ಲವೆನಿಸಿಬಿಟ್ಟಳಲ್ಲ ಎಂದು ಒಂದು ದಿನವೆಲ್ಲ ನಿನ್ನ ಮೇಲೆ ಕುದಿದೆ.

ಮರುದಿನ, ಪುಟದಲ್ಲಿ ಹೊಸದಾಗಿ ಹಾಕಿದ್ದ ನನ್ನ ನಂಬರಿಗೆ ಮೊದಲ ಕರೆ ಬಂತು. ಯಾರೋ ಒಬ್ಬರು, "ಜಿಪ್ಪಮ್ಮ ಇದಾರಾ? ಸ್ವಲ್ಪ ಫೋನ್ ಕೊಡಿ" ಎಂದರು. "ಇಲ್ಲ" ಎಂದೆ. "ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು.

ನಾನು ಇದನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ ಕಣೇ. ಬೀದಿಯವರಿಗೆಲ್ಲ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರೆಲ್ಲ ಪುಟದಲ್ಲಿದ್ದ ನಂಬರ್ ನೋಡಿ ಫೋನ್ ಮಾಡಿದ್ದು ನಿನಗೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕೂತಲ್ಲಿ, ಅಮ್ಮ ತೀರಿಕೊಂಡಳೆಂದು ನೀನೊಬ್ಬಳೇ ಅದೆಷ್ಟು ಜನಕ್ಕೆ ಹೇಳಿದೆ? ಇನ್ನು ಆ ಕರೆಗಳೆಲ್ಲ ನನಗೇ ಬರುತ್ತವೆ. ನಿನ್ನ ಫೋನ್ ಹೊಡೆದುಕೊಂಡರೆ ಹೆದರದೆ ಎತ್ತು. ಮಾಡುತ್ತಿರುವುದು ನಾನೇ.