ಬಿಟ್ಟುಕೊಡದ ಆಟ

ಅಜ್ಜಂಪುರ
೧೭-೨-೧೯೨೭

ಪೂಜ್ಯ ರಂಗಯ್ಯ ಮೇಷ್ಟರಿಗೆ ಮರುಳಪ್ಪ ಮಾಡುವ ನಮಸ್ಕಾರಗಳು.

ಕ್ಷೇಮವೆಂದು ಬರೆಯುವುದು ವಾಡಿಕೆ, ಬರೆಯಲಾರೆ. ಭಾನುವಾರ ಕಡೂರು ಕ್ಲಬ್ಬಿನ ಟೆನಿಸ್ ಪಂದ್ಯದಲ್ಲಿ ನಿಮಗೆ ಸೋತ ಮೇಲೆ ನನ್ನ ಮರ್ಯಾದೆ ಹೆಚ್ಚಿದೆ. ಅದೇ ನನ್ನ ಕಾಯಿಲೆ.

ನೀವೇ ಆಟ ಕಲಿಸಿದವರೆಂದು ಪಂದ್ಯಕ್ಕೆ ಮೊದಲು ನಿಮ್ಮ ಕಾಲು ಮುಟ್ಟಿದೆನಲ್ಲ, ನೋಡಿದವರು ಆಮೇಲಿನ ಸೋಲಿಗೂ ಅದೇ ಅರ್ಥ ಕಟ್ಟಿದರು. ಎಣಿಕೆ ಕೂಗುತ್ತಿದ್ದ ವಜೀರ್ ಸಾಬರು ಬೆನ್ನು ತಟ್ಟಿ, "ಗೆದ್ದಿದ್ ಆಟಾನ ಮೇಷ್ಟ್ರಿಗೆ ಬಿಟ್ಕೊಟ್ಬಿಟ್ಯಲ್ಲೋ, ಭೇಷ್ ಕಣೋ!" ಎಂದರು. ಅವ್ವ ಪಕ್ಕದ ಮನೆಯ ಪಾಪಮ್ಮನಿಗೆ, "ನನ್ ಮಗ ಓದು ಬಿಟ್ರೇನೇ, ದೊಡ್ಡೋರು ಅಂದ್ರೆ ಏನಂತ ಗೊತ್ತೈತೆ" ಎಂದು ಹೇಳಿದ್ದನ್ನು ಕೇಳಿಸಿಕೊಂಡೆ. ಈಗ ನೀವು, ಇಂಥ ನಡತೆಯವನೆಂದು, ತರೀಕೆರೆ ಅಮಲ್ದಾರರಿಗೆ ನನ್ನ ಗುಮಾಸ್ತೆ ಕೆಲಸಕ್ಕೆ ಶಿಫಾರಸು ಬರೆಯುತ್ತೀರಂತೆ. ಅದಕ್ಕೆ ಮುಂಚೆ ಇದನ್ನು ಓದಿ.

ನಾನು ಬಿಟ್ಟುಕೊಡಲಿಲ್ಲ, ಮೇಷ್ಟ್ರೇ. ನಿಮ್ಮನ್ನು ಸೋಲಿಸಲೆಂದೇ ಆರು ತಿಂಗಳು ರೈಲ್ವೆ ಗೋದಾಮಿನ ಗೋಡೆಗೆ ಚೆಂಡು ಹೊಡೆದಿದ್ದೇನೆ. ಕೊನೆಯ ಸೆಟ್ಟಿನಲ್ಲಿ ಐದು–ಎರಡು ಮುಂದಿದ್ದೆ. ಇನ್ನೊಂದೇ ಗೇಮು. ಅಲ್ಲಿಯವರೆಗೆ ಚೆಂಡು ಮಾತ್ರ ಕಾಣುತ್ತಿತ್ತು. ಆಗ ಕುರ್ಚಿಗಳಲ್ಲಿ ಕೂತವರ ಮುಖಗಳು ಕಂಡವು. ನಾನು ಹೆದರಿರುವುದು ಅವರಿಗೆ ತಿಳಿಯಿತೇ ಎಂಬುದೊಂದೇ ಯೋಚನೆ. ಸರ್ವಿಸಿಗೆಂದು ಚೆಂಡನ್ನು ಮೇಲೆ ಎಸೆದರೆ, ಅದು ಇಳಿಯುವಷ್ಟರಲ್ಲಿ ಮನಸ್ಸು ಗೆದ್ದೂ ಮುಗಿಸಿತ್ತು, ಸೋತೂ ಮುಗಿಸಿತ್ತು. ಕೈ ಮರದ ಹಾಗಾಯಿತು. ಎರಡೂ ಸರ್ವಿಸು ನೆಟ್ಟಿಗೆ. ಮತ್ತೆ ಎರಡೂ ನೆಟ್ಟಿಗೆ. ಹೀಗೆ ಐದು ಗೇಮು ಸಾಲಾಗಿ ಹೋದವು.

ಲೋವರ್ ಸೆಕೆಂಡರಿ ಪರೀಕ್ಷೆಯ ದಿನವೂ ಇದೇ ಆಗಿದ್ದು. ಜ್ವರವೆಂದು ನಿಮಗೆ ಹೇಳಿದ್ದೆ. ಜ್ವರವಿರಲಿಲ್ಲ. ಪ್ರಶ್ನೆಗಳೆಲ್ಲ ಗೊತ್ತಿದ್ದವು, ಗೊತ್ತಿದ್ದೂ ಕೈ ಏಳಲಿಲ್ಲ. ಎದ್ದು ಬಂದೆ, ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಸೋಲನ್ನು ನುಂಗಬಲ್ಲೆ. ಹೇಡಿತನಕ್ಕೆ ಗುರುಭಕ್ತಿಯೆಂದು ಹೆಸರಿಟ್ಟು ಅದರ ಮೇಲೆ ಸಂಬಳ ತಿನ್ನಲಾರೆ. ಶಿಫಾರಸು ಬರೆಯಬೇಡಿ. ಅವ್ವನಿಗೆ ನಾನೇ ಹೇಳುತ್ತೇನೆ. ಬೈಗುಳ ನನಗೇ ಬರಲಿ.

ಇಂತಿ, ನಿಮ್ಮ ಶಿಷ್ಯನೆಂದು ಹೇಳಿಕೊಳ್ಳಲು ನಾಚುವ
ಮರುಳಪ್ಪ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಹೆದರಿದ್ದೆ. ಐದು–ಐದು ಆದಾಗ ನೀವು ಬಗ್ಗಿ ಎಡಗಾಲಿನ ಮೀನಖಂಡ ಹಿಡಿದುಕೊಂಡದ್ದನ್ನು ಕಂಡೆ. ಕಂಡ ಮೇಲೆಯೇ, ನಿಮಗೆ ಓಡಿಬಂದು ಮುಟ್ಟಲಾಗದಿರಲಿ ಎಂದು, ಚೆಂಡನ್ನು ನೆಟ್ಟಿನ ಹತ್ತಿರಕ್ಕೆ ಮೆಲ್ಲಗೆ ಹಾಕಿದೆ. ನಾಲ್ಕು ಸಲ. ಬಿಟ್ಟುಕೊಟ್ಟನೆಂದು ಜನ ಕೊಂಡಾಡುತ್ತಿರುವುದು ಆ ಚೆಂಡುಗಳನ್ನೇ. ನೀವು ನಾಲ್ಕಕ್ಕೂ ಕುಂಟುತ್ತ ಓಡಿಬಂದು ಹೊಡೆದಿರಿ.